ಮೊದಲಿಗೊಂದು ಅಲ್ಪವಿರಾಮ

ಗೇಟಿನಲ್ಲಿ ಹನ್ನೊಂದು ಲಾರಿ. ಚೀಟಿ ಬಂದಿಲ್ಲ.
ಹಸಿರು ಅಕ್ಷರದ ಹಳೇ ಪರದೆಯಲ್ಲಿ ‘ಲಾರಿ’ ಎಂದು ಕೇಳಿದರೆ
ಹನ್ನೊಂದೂ ನಂಬರು ಸಮೇತ ಸಾಲು ನಿಲ್ಲುತ್ತವೆ.
ಕಿಟಕಿ ಪಕ್ಕದ ಹೊಸ ಪಿಸಿಯಿಂದ ಕೇಳಿದರೆ
ಆ ಹೆಸರಿನ ಕಡತವೇ ಇಲ್ಲ.

ಅದೇ ಸರ್ವರು, ಅದೇ ಕಡತ,
ಅದೇ ನಾನು, ಮಹಾನಂದಾ ಬಿಳೂರ, ಅದೇ ಪಾಸ್‌ವರ್ಡು.
ಢವಳಗಿ ಸಾಹೇಬರು ಮೂರು ಸಲ ಬಂದರು,
ಮೂರು ಸಲವೂ ಮೌಸಿಗೆ ಬೈದು ಹೋದರು.

ಕೊನೆಗೆ ಹುಸೇನಸಾಬರಿಗೆ ಫೋನು ಹಚ್ಚಿದೆ.
ರಿಟೈರಾಗಿ ನಾಲ್ಕು ವರ್ಷ, ನವನಗರದ ನಲವತ್ತೇಳನೇ ಸೆಕ್ಟರು,
ಹಿಂದೆ ಕುಕ್ಕರಿನ ಸೀಟಿ.
“ಕುರುಡಲ್ಲವ್ವಾ ಅದು, ಹೊಸಬ.
ಬರೇ ‘ಶಿವಲಿಂಗವ್ವನ ಮನಿ’ ಅಂತ ಬರದ ಕಾಗದ
ಹಳೇ ಟಪಾಲಿನವನ ಕೈಗೆ ಕೊಟ್ರ
ಕಿಲ್ಲಾದಾಗ ನೋಡ್ತಿದ್ದ, ಇಲ್ಲಂದ್ರ ಹಳಪೇಟಿ, ಇಲ್ಲಂದ್ರ ಜೈನಪೇಟಿ,
ಮೊದಲು ಸಿಕ್ಕ ಶಿವಲಿಂಗವ್ವಗ ಕೊಟ್ಟು ಬರ್ತಿದ್ದ.
ಈ ಡ್ರೈವರಗ ಆ ಓಣಿಗಳ ಪಟ್ಟಿ ಯಾರು ಕೊಟ್ಟೀರಿ?”

ಹಸಿರು ಪರದೆಗೆ ಪಟ್ಟಿ ಹುಟ್ಟಿನಿಂದಲೇ ಬಂದದ್ದು:
ಯಂತ್ರದ ಸ್ವಂತ ಲೈಬ್ರರಿ, ಆಮೇಲೆ ಫ್ಯಾಕ್ಟರಿಯದು, ಆಮೇಲೆ ಈ ವರ್ಷದ್ದು,
ಕಟ್ಟಕಡೆಗೆ ಯಾರೂ ಅಳಿಸಲು ಧೈರ್ಯ ಮಾಡದ ಒಂದು ಹಳೆಯದು.
ಡ್ರೈವರು ಬರಿಗೈಲಿ ಬಂದಿತ್ತು.
ವಿಳಾಸವಿಲ್ಲದ ಕಡತ ಕೇಳಿದಾಗ
ಕೇಳಿದವಳದೇ ಮನೆಯಲ್ಲಿರಬೇಕು ಎಂದುಕೊಂಡು
‘ಮಹಾನಂದಾ’ ಎಂಬ ಲೈಬ್ರರಿಯ ಬಾಗಿಲು ಹುಡುಕಿತ್ತು.
ನನ್ನ ಹೆಸರಲ್ಲಿ ಅಲ್ಲಿ ಯಾರೂ ಮನೆ ಕಟ್ಟಿಲ್ಲ.
(ಇಲ್ಲೂ ಇಲ್ಲ. ಪ್ಲಾಟು ಅಣ್ಣನ ಹೆಸರಿಗಿದೆ.)

ಸೆಟ್ಟಿಂಗ್ ತೆರೆದೆ.
“ಹೆಸರಿಡೋ ಪದ್ಧತಿ ಸಿಸ್ಟಮ್ಮಿಂದು ಹಚ್ಚು. ಚುಕ್ಕಿ ಬಿಡು, ಓರೆಗೆರಿ ಹಿಡಿ.
ಈಗ ಲೈಬ್ರರಿ ಹೆಸರು ಬರಿ, ಒಂದರ ಹಿಂದ ಒಂದು.”
ಬರೆದೆ. ಕೇಳಿದೆ. ಇನ್ನೂ ಇಲ್ಲ.
“ಮೊದಲ್ನೇದನ್ನ ಯಜಮಾನ ಅಂತ ತಿಳಕೊಂಡು ಕುಂತೈತಿ,
ಅದರ ಮನಿ ಬಿಟ್ಟು ಹೊರಗ ಕಾಲಿಡಂಗಿಲ್ಲ.
ಎಲ್ಲಾ ಹೆಸರಿಗಿಂತ ಮೊದಲ ಒಂದು ಕಾಮಾ ಹಾಕು.”
“ಅದಕ್ಕಿಂತ ಮೊದಲ ಏನೂ ಇಲ್ಲಲ್ಲ?”
“ಅದಕ್ಕೇ ಹಾಕು. ಯಜಮಾನನ ಖುರ್ಚಿ ಖಾಲಿ ಅಂತ ಹೇಳು.”

ಬೆರಳು ಕೀಲಿಯ ಮೇಲಿರುವಾಗಲೇ ಇನ್ನೊಂದು ಹೇಳಿದರು:
ತೊಂಬತ್ತೆಂಟರಲ್ಲಿ ಪರೀಕ್ಷೆಯ ಲೈಬ್ರರಿ ಪಟ್ಟಿಯ ತಲೆಯಲ್ಲೇ ಉಳಿದು
ಒಂದಿಡೀ ರಾತ್ರಿಪಾಳಿಯ ಸಿಮೆಂಟು
‘ಅಆಇಈ ಟ್ರೇಡರ್ಸ್’ ಎಂಬ ಇಲ್ಲದ ಅಂಗಡಿಯ ಲೆಕ್ಕಕ್ಕೆ ಹೋಗಿತ್ತಂತೆ.
ಅವರ ಕೈಯಿಂದಲೇ.
ಸಂಬಳದಲ್ಲಿ ಹಿಡಿದರೋ ಇಲ್ಲವೋ, ಹೇಳಲಿಲ್ಲ.
“ಎರಡು ಕಡೆ ಒಂದೇ ಹೆಸರಿದ್ರ
ಮೊದಲು ಸಿಕ್ಕದ್ದೇ ಖರೆ ಆಗ್ತದ, ತಂಗಿ.”

ಅವರನ್ನೇ ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ
ಈಗಲೂ ಬಾಯಿಗೆ ಮೊದಲು ಬರುವುದು
ಹಿನ್ನೀರು ಇಳಿದ ಬೇಸಿಗೆಯಲ್ಲಷ್ಟೇ ಕಾಣುವ ಎರಡು ಮೆಟ್ಟಿಲು,
ಪಕ್ಕದ ಬೇವಿನ ಬೊಡ್ಡೆ.
ಸೆಕ್ಟರು ಆಮೇಲೆ.

ಕಾಮಾ ಒತ್ತಿದೆ.
ಹನ್ನೊಂದೂ ಬಂದವು, ನಂಬರು ಸಮೇತ.
ಪ್ರಿಂಟರು ಕಿರ್ರೆಂದಿತು, ಗೇಟಿನಲ್ಲಿ ಯಾರೋ ಬೀಡಿ ಆರಿಸಿ ಎದ್ದರು.
ಥ್ಯಾಂಕ್ಸ್ ಹೇಳುವಷ್ಟರಲ್ಲಿ ಫೋನು ಇಟ್ಟಿದ್ದರು,
ಅನ್ನ ಹೊತ್ತಿತ್ತೇನೋ.

ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿ ಬಂದಿದ್ದೇನೆ,
ರಾತ್ರಿಪಾಳಿಯ ಹುಡುಗನಿಗೆ, ಕೆಂಪು ಬಾಲ್‌ಪೆನ್ನಿನಲ್ಲಿ:
ಮೊದಲಿರುವ ಕಾಮಾ ತಪ್ಪಲ್ಲ. ಅಳಿಸಬೇಡ.