ಅನುಬಂಧ ಮೂರು

ಟೇಪಿನ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ಕಮ್ಮಾರರ ಹುಡುಗ ನಿಂಗರಾಜನ ಕೈಯಲ್ಲಿ.
ನಡುವೆ ಲಕ್ಕುಂಡಿ.

ಊರು ಹೇಳುತ್ತದೆ: ನೂರೊಂದು ಗುಡಿ, ನೂರೊಂದು ಬಾವಿ.
ಅರ್ಜಿ ಕೇಳುತ್ತದೆ: ನಿಖರ ಸಂಖ್ಯೆ, ಅಕ್ಷಾಂಶ, ರೇಖಾಂಶ,
ನಾಲ್ಕೂ ದಿಕ್ಕಿನಿಂದ ಫೋಟೋ,
ಮತ್ತು, ಇನ್ನೂರು ಪದ ಮೀರದಂತೆ,
ಇಡೀ ಮನುಕುಲಕ್ಕೆ ಇದರಿಂದ ಏನು ಎಂಬುದು.

ಆ ಇನ್ನೂರು ಪದ ಮೇಲಿನ ಸಾಹೇಬರು ಬರೆಯುತ್ತಾರಂತೆ.
ನನ್ನದು ಬರೀ ಎಣಿಕೆ.
ದಿನಕ್ಕೆ ಆರುನೂರು, ಊಟ ನಮ್ಮದೇ.

ಗುಡಿ ಎಣಿಸುವುದು ಕುರಿ ಎಣಿಸಿದ ಹಾಗಲ್ಲ.
ಕುರಿ ದಡ್ಡಿಯಿಂದ ಒಂದೊಂದೇ ಹೊರಬೀಳುತ್ತದೆ.
ಗುಡಿ ಯಾವಾಗಲೋ ಮನೆಯೊಳಗೆ ಹೋಗಿ
ಕೂತುಬಿಟ್ಟಿರುತ್ತದೆ.

ದಾವಲಬಿಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು,
ಅಂಚಿಗೆ ಹಂಸಗಳ ಸಾಲು.
ದಿನಾ ನೊರೆ ಇಳಿದಿಳಿದು
ಊರಲ್ಲೆಲ್ಲ ಅವೇ ಬೆಳ್ಳಗಿನ ಹಂಸ.
ಹಿಟ್ಟಿನ ಗಿರಣಿಯ ಮೆಟ್ಟಿಲು ಯಾವುದೋ ದೇವರ ಹೊಸ್ತಿಲು,
ಜೋಳದ ಚೀಲ ಹೊತ್ತವರು ಬಲಗಾಲಿಟ್ಟೇ ಹತ್ತುತ್ತಾರೆ,
ಯಾಕೆಂದು ಕೇಳಿದರೆ ಗೊತ್ತಿಲ್ಲ.
ಶಂಕ್ರವ್ವನ ಕೊಟ್ಟಿಗೆಯಲ್ಲಿ
ಬಳೆ ಬಳೆಯಾಗಿ ಕಡೆದ ಕಂಬಕ್ಕೆ ಗಬ್ಬದ ಎಮ್ಮೆ.
ಕ್ಯಾಮೆರಾ ಎತ್ತಿದಾಗಲೇ ಅದು ಮೈ ತಿಕ್ಕಿಕೊಂಡಿತು:
ಕಂಬ ನೆಟ್ಟಗೆ ಬಂದಿದೆ, ಎಮ್ಮೆ ಅಲುಗಿದೆ.

"ಇದನ್ನ ಬರಕೊಂಡ್ರ ನಾಳೆ ಎಮ್ಮಿ ಎಲ್ಲಿ ಕಟ್ಲೋ ತಮ್ಮಾ?"
ಹಾಳೆ ತಿರುವಿದೆ.
ಆ ಪ್ರಶ್ನೆಗೆ ಕಾಲಂ ಇರಲಿಲ್ಲ.

ಬಸದಿಯ ಹತ್ತಿರ ಧರಣೇಂದ್ರ ಉಪಾಧ್ಯೆಯವರು
ಸೋಸಿದ ನೀರು ಕೊಟ್ಟರು.
"ನೀವು ಏಳನೇ ತಂಡ," ನಗಲಿಲ್ಲ.
"ಹೋದ ಸಲದವರಿಗಿಂತ ನಿಮ್ಮ ಟೇಪು ಉದ್ದ ಐತಿ."

ಊರ ಹಿಂದಿನ ಬಾವಿಗೆ ಆ ಉದ್ದವೂ ಸಾಲಲಿಲ್ಲ.
ಮೆಟ್ಟಿಲು ಮುಗಿದಲ್ಲಿ ಹಸಿರು ನೀರು.
ಈಜಲು ಬಂದ ಹುಡುಗರು ಹೇಳಿದರು, ಮೂರಾಳು ಅಂತ.
ನಾನು: ಮೀಟರಿನಲ್ಲಿ ಎಷ್ಟು?
ನಿಂಗರಾಜ ಟೇಪು ಸುತ್ತುತ್ತಾ,
"ಆಳು ಅಂತನ ಬರೀರಿ ಅಣ್ಣಾರ,
ಮನುಕುಲ ಅಂದ್ರ ಅದ ಅಲ್ಲೇನು?"

ಬರೆಯಲಿಲ್ಲ. ಬರೆಯಬಹುದಿತ್ತು.

ಸಂಜೆಗೆ ಅರವತ್ಮೂರು.
ಉಣ್ಣಲು ಮನೆಗೆ ಬಂದರೆ
ಪಡಸಾಲೆಯಲ್ಲಿ ಅವ್ವ ಖಾರ ಕುಟ್ಟುತ್ತಿದ್ದಾಳೆ.
ನೆಲಕ್ಕೆ ಹುಗಿದ ಒಳ್ಳು,
ಬಾಯಿಯ ಸುತ್ತ ಎಂಟು ದಳ.
ಚಿಕ್ಕವನಿದ್ದಾಗ ಬೈಸಿಕೊಂಡು ಅಳುತ್ತ ಕೂತು
ಬೆರಳಿಂದ ತೀಡಿ ತೀಡಿ
ಎಂಟರವರೆಗೆ ಎಣಿಸಲು ಕಲಿತದ್ದೇ ಅದರ ಮೇಲೆ.
ಇವತ್ತು ಬೆಳಗಿನಿಂದ ಊರೆಲ್ಲ ಎಣಿಸಿದೆನಲ್ಲ,
ಇದೊಂದು ಹೊಳೆಯಲೇ ಇಲ್ಲ.

ಬ್ಯಾಟರಿ ಹಾಕಿ ಬಗ್ಗಿದೆ.
"ಏನ್ ಹುಡುಕಾಕತ್ತೀ?"
"ಏನಿಲ್ಲ."
"ನಮ್ಮತ್ತಿಗೆ ಅವರತ್ತಿ ಬಿಟ್ಟು ಹೋಗಿದ್ದು ಇದು.
ಅವರಿಗೆ ಯಾರು ಬಿಟ್ರೋ ಯಾರಿಗೆ ಗೊತ್ತು.
ಸರಿ, ಒನಕಿ ಬಡದೀತು."

ಅನುಬಂಧ ಮೂರು: ಬಿಡಿ ಶಿಲ್ಪಗಳ ಪಟ್ಟಿ.
ಸ್ಥಳಾಂತರಿಸಬಹುದೇ? ಹೌದು, ಇಲ್ಲ.
ದಳ ಏಳು, ಎಂಟನೆಯದು ಸವೆದಿದೆ,
ಕುಟ್ಟುವವರು ಮೊಣಕಾಲು ಊರುವ ಕಡೆ.
ಹಾನಿಗೆ ಕಾರಣ, ಒಂದಕ್ಕೆ ಗುರುತು ಹಾಕಿ:
ಮಳೆ. ಉಪ್ಪು. ಬೇರು. ಒತ್ತುವರಿ.

ಪೆನ್ಸಿಲಿನಿಂದ ಅರವತ್ನಾಲ್ಕು ಎಂದು ಬರೆದೆ,
ಅಳಿಸಲು ಬರುವ ಹಾಗೆ.
ಹಾನಿ ಎಂಬ ಪದದ ಮುಂದೆ ಮೊನೆ ನಿಂತೇ ಇದೆ.
ಬ್ಯಾಡಗಿ ಮೆಣಸಿನಕಾಯಿ ಘಾಟು ಹೊಸ್ತಿಲು ದಾಟಿತು.
ಹೊರಗೆ ಕಟ್ಟೆಯ ಮೇಲೆ, ಟೇಪು ತೊಡೆಯ ಮೇಲಿಟ್ಟುಕೊಂಡು,
ನಿಂಗರಾಜ ಸೀನಿದ.
"ಬಾರೋ ಒಳಗ," ಅವ್ವ ಕೂಗಿದಳು,
"ರೊಟ್ಟಿ ಆರತಾವ."