ಮೂರನೆಯ ತಟ್ಟೆ

ನಮ್ಮ ಮಾತಿನಲ್ಲಿ ಪಾಷಾಣವೆಂದರೆ ವಿಷ.
ಪುಣೆಯಲ್ಲಿ ಅದು ಬಸ್ಸಿನ ಹಣೆಯ ಮೇಲಿನ ಬೋರ್ಡು.
ಅದನ್ನೇ ಹತ್ತಿ ದಿನಾ ಲ್ಯಾಬಿಗೆ ಹೋಗುತ್ತೇನೆ.
ಎಡಗಾಲಿನ ಚಪ್ಪಲಿ ಜಾರಿ ಬಿದ್ದದ್ದು
ಕಾಲಿಗಿಂತ ಮೊದಲು ಕಂಡಕ್ಟರಿಗೆ ತಿಳಿಯಿತು, ಒಮ್ಮೆ.
'ತಾಯಿ, ಚಪ್ಪಲ್!'
ಅವನ ಮರಾಠಿಯಲ್ಲಿ ನಾನು ಅಕ್ಕ.

ಬೆಳಿಗ್ಗೆ ಎಂಟಕ್ಕೆ ಅವಲಕ್ಕಿಯ ಜೊತೆ ಒಂದು ಕ್ಯಾಪ್ಸೂಲು.
ಅರ್ಧ ಗಂಟೆಗೆ ಕಿವಿ, ಕೆನ್ನೆ, ಕುತ್ತಿಗೆ ಕೆಂಪು.
'ಯಾರ ನೆನಪಾಯಿತು?' ಎನ್ನುತ್ತಾಳೆ ಮೃಣ್ಮಯಿ ಕಾನಡೆ.
ಮದ್ದಿನ ನೆನಪು ಕಣೆ.

ಹನ್ನೊಂದಕ್ಕೆ ಅದೇ ಮದ್ದನ್ನು, ಹನಿಯ ಸಾವಿರದಲ್ಲೊಂದು ಪಾಲು,
ಇಲಿಯ ಮಿದುಳಿನ ಕೋಶಗಳಿಗೆ ಉಣಿಸುತ್ತೇನೆ.
ಮೈಕ್ರೋಗ್ಲಿಯಾ. ಪುಸ್ತಕದಲ್ಲಿ ಅವು ಕಾವಲುಗಾರರು.
ನನಗೆ ಕಂಡಂತೆ ಕಸ ಆಯುವ ಹೆಂಗಸರು,
ಸೂಸ್ ರಸ್ತೆಗೆ ನಸುಕಿಗೇ ಬಂದು
ಹಸಿ ಒಂದು ಕಡೆ, ಒಣ ಒಂದು ಕಡೆ
ಮಾತಿಲ್ಲದೆ ಬೇರ್ಪಡಿಸುವವರು.
ನನ್ನ ತಲೆಯೊಳಗಿನವರಿಗೆ ಮಾತ್ರ ಏನಾಯಿತೋ,
ನರದ ಮೇಲಿನ ಸಿಪ್ಪೆಯನ್ನೇ
ಹಸಿ ಕಸವೆಂದು ತಿಳಿದರು.

'ಹಣೆಬರಹಕ್ಕೆ ಹೊಣೆ ಯಾರು' ಅಂದಳು ಸೋದರತ್ತೆ, ಫೋನಿನಲ್ಲಿ.
ಅತ್ತೆ, ಬರಹ ಇರುವುದು ಹಣೆಯ ಮೇಲಲ್ಲ, ಹಿಂದೆ.
ಮದ್ದು ಅದನ್ನು ಅಳಿಸುವುದಿಲ್ಲ, ತಿದ್ದುವುದೂ ಇಲ್ಲ.
ಯಾವ ಸಾಲನ್ನು ಗಟ್ಟಿಯಾಗಿ ಓದಬೇಕು,
ಯಾವುದನ್ನು ತುಟಿಯೊಳಗೇ,
ಅಷ್ಟೇ.

ಒಂದು ಹಗಲು ಒಂದು ರಾತ್ರಿ ಕಾದು
ಕೋಶಗಳನ್ನು ಒಡೆದು, ಅವು ಆಗ ಓದುತ್ತಿದ್ದುದನ್ನು
ಸಾಲು ಸಾಲಾಗಿ ಕೇಳಿಸಿಕೊಂಡೆವು.
ಕೇಳಲಿಕ್ಕೆ ಕೊಲ್ಲಬೇಕು.
ವರದಿಯಲ್ಲಿ ಇದಕ್ಕೆ ಬೇರೆ ಪದವಿದೆ.
ಪರದೆಯ ಮೇಲೆ ಕೆಂಪು ನೀಲಿ ಚೌಕಳಿ, ಕೌದಿ ಹಾಸಿದ ಹಾಗೆ.
ಉರಿಯ ಸಾಲುಗಳೆಲ್ಲ ನೀಲಿಗಿಳಿದಿದ್ದವು
ಮೊದಲ ತಟ್ಟೆಯಲ್ಲಿ, ಎರಡನೆಯದರಲ್ಲಿ, ನಾಲ್ಕರಲ್ಲಿ.
ಮೂರನೆಯದು ಒಪ್ಪಿರಲಿಲ್ಲ.
ಅದೇ ಇಲಿ, ಅದೇ ಮದ್ದು, ಹನಿಸಿದ್ದು ಇದೇ ಕೈ;
ಆದರೂ ಕೆಂಪಗೆ ಕೂತಿತ್ತು, ಯಾರ ಮಾತನ್ನೂ ಕೇಳದ ಮಗುವಿನ ಹಾಗೆ.

'ಕೈತಪ್ಪು. ಬಿಟ್ಟುಬಿಡಿ ಅದನ್ನ' ಅಂದರು ಸಬ್ನಿಸ್ ಸರ್.
ಇರಬಹುದು. ಆ ದಿನ ಬೆರಳು ಜೋಮು ಹಿಡಿದಿತ್ತು.
ಆದರೆ ನನ್ನದು ಯಾವ ತಟ್ಟೆ, ಒಂದೋ ಮೂರೋ,
ಒಡೆಯದೆ ಕೇಳಿ ಹೇಳುವ ಯಂತ್ರ
ಪಾಷಾಣದಲ್ಲೂ ಇಲ್ಲ.

ಉಳಿದ ಮಾದರಿಯನ್ನು ಎಸೆಯದೆ ಫ್ರೀಜರಿನ ಮೂಲೆಗೆ ಸರಿಸಿದೆ.
ಚೀಟಿಯಲ್ಲಿ ತಾರೀಖು, ನಂಬರು,
ಕೆಳಗೆ ಕನ್ನಡದಲ್ಲಿ: ಇರಲಿ.

ರಾತ್ರಿ ಎಂಟಕ್ಕೆ ಎರಡನೆಯ ಕ್ಯಾಪ್ಸೂಲು.
ಕೆನ್ನೆ ಕೆಂಪೇರುವುದನ್ನು
ಕನ್ನಡಿಯಲ್ಲಿ ನೋಡುತ್ತ ನಿಂತೆ,
ಬಲಗಾಲಿನ ಮೇಲೆ ಭಾರ ಹಾಕಿ.