ಸಹಜ ತೂಕ

ಲೀಡ್ಸಿನ ಕರ್ಕ್‌ಗೇಟ್ ಮಾರುಕಟ್ಟೆ, ಶನಿವಾರ.
ಕಟುಕ ಮಿಜ್ಲಿ ಕತ್ತಿ ಒರೆಸುತ್ತ ಹೇಳಿದ:
"ಇದು ಮರಿಯದು ಮಾತ್ರ ಸಿಗೋದು, ಲವ್.
ಕುರಿ ಬಲಿತರೆ ಇದು ಇರೋದೇ ಇಲ್ಲ."
ಎದೆಗೂಡಿನ ನೆತ್ತಿಯಿಂದ ಬಿಡಿಸಿದ
ಬಿಳಿಚು ಗುಲಾಬಿ ಮುದ್ದೆ,
ಗಟ್ಟಿ ಮೊಸರಿನ ಹಾಗೆ ನಡುಗುತ್ತಿತ್ತು.
ಕೊಳ್ಳಲಿಲ್ಲ ನಾನು. ಪರಿಚಯವಿತ್ತು:
ಥೈಮಸ್. ವಾರವಿಡೀ ನೋಡುವುದು ಅದನ್ನೇ,
ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಕೊಯ್ದು,
ನೇರಳೆ ಬಣ್ಣ ಕುಡಿಸಿ.

ನಮ್ಮ ಲ್ಯಾಬಿನ ನೆಲಮಾಳಿಗೆಯಲ್ಲೊಂದು ಹಳೆಯ ದಫ್ತರ.
ಮಸಿ ಕಂದಿದ ಸಾಲು:
"ಹೆಣ್ಣು. ಐದು ವರ್ಷ. ವರ್ಕ್‌ಹೌಸ್. ದಡಾರ.
ಥೈಮಸ್ ಒಂದು ಡ್ರಾಮ್. ಸಹಜ."

ಡ್ರಾಮ್ ಅಂದರೆ ನಾಲ್ಕು ಹುಣಸೆಬೀಜದ ಭಾರ.
ಸಹಜವಲ್ಲ, ಡಾಕ್ಟರೇ.
ನಿಮ್ಮ ಮೇಜಿಗೆ ಬರುತ್ತಿದ್ದವರೆಲ್ಲ
ನೀರುಗಂಜಿಯವರು, ಹೊರುವವರಿಲ್ಲದವರು.
ಹಸಿವು ಕೆನ್ನೆಗಿಂತ ಮೊದಲು ಇದನ್ನೇ ತಿನ್ನುತ್ತದೆ.
ಬೇಳೆಯಿಲ್ಲ, ಮೊಟ್ಟೆಯಿಲ್ಲ, ಚಿಟಿಕೆ ಸತುವೂ ಇಲ್ಲ.
ಮೇಲಿಂದ ಹೆದರಿಕೆ:
ಮೂತ್ರಪಿಂಡದ ತಲೆಯೇರಿ ಕೂತ ಪುಟ್ಟ ಗ್ರಂಥಿ
ಹಗಲಿರುಳು ಕಾರ್ಟಿಸಾಲ್ ಸುರಿದರೆ
ಉಪ್ಪು ಬಿದ್ದ ಬಸವನಹುಳು ಕರಗಿದ ಹಾಗೆ ಕರಗುತ್ತದೆ.

ಮುಂದೆ ಯಾವತ್ತೋ ಉಳ್ಳವರ ಮನೆಯ ಕೂಸೊಂದು
ನಿದ್ದೆಯಲ್ಲೇ ಹೋಯಿತು. ಕೊಯ್ದು ನೋಡಿದರು,
ತುಂಬಿದ ಥೈಮಸ್.
"ಅತಿ ದೊಡ್ಡದು. ಇದೇ ಕೊಂದಿತು" ಎಂದು ಬರೆದರು.
ಹಸಿದವರ ಅಳತೆಗೋಲಿಗೆ
ಉಂಡ ಕೂಸಿನ ಎದೆಯೇ ರೋಗ.

ಅದರೊಳಗೆ ನಡೆಯುವುದೇನೆಂದು ಅವರಿಗೆ ತಿಳಿದಿರಲಿಲ್ಲ.
ಮೊರ ಅದು.
ಮೂಳೆಯೊಳಗೆ ಹುಟ್ಟಿ ಬಂದ ಕಣಗಳನ್ನು ಕೇರಿ ಕೇರಿ,
ತನ್ನವರನ್ನೇ ಕಚ್ಚುವವನ್ನು ಅಲ್ಲೇ ಮುಗಿಸಿ,
ನೂರಕ್ಕೆ ಮೂರನ್ನೋ ನಾಲ್ಕನ್ನೋ ಕಾವಲಿಗೆ ಕಳಿಸುತ್ತದೆ.
ಮೊರವೇ ಮುದುಡಿದವಳಿಗೆ
ದಡಾರ ಸಾಕಾಯಿತು.

ನನಗೀಗ ಐವತ್ತೆರಡು.
ಮೈನೆರೆದ ವರ್ಷದಿಂದಲೇ ಹಾರ್ಮೋನುಗಳು
ನನ್ನದನ್ನು ಒತ್ತರಿಸುತ್ತ ಬಂದಿವೆ.
ಕೊಬ್ಬಿನ ನಡುವೆ ನಾಲ್ಕೆಂಟು ನಡುಗಡ್ಡೆ ಉಳಿದಿರಬಹುದು.
ಅದು ವಯಸ್ಸು. ಅದನ್ನು ಬೇಕಾದರೆ ಸಹಜ ಅನ್ನಿ.

ಸೋಮವಾರ ಮತ್ತೆ ದಫ್ತರ ತೆಗೆದೆ.
ತಿದ್ದುವಂತಿಲ್ಲ, ನಿಯಮವಿದೆ.
ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದು
ಆ ಪುಟದಲ್ಲಿಟ್ಟೆ: "ಹಸಿದಿದ್ದಳು."

ಕೈ ತೊಳೆದು ಊಟದ ಡಬ್ಬಿ ಬಿಚ್ಚಿದೆ.
ಹುರುಳಿ ಸಾರು, ಅನ್ನ.
ಮುಚ್ಚಳದ ಒಳಗೆಲ್ಲ ಹಬೆಯ ಹನಿ.